ಪಡು ಮಾಡಿನ ಮೊಳೆಗಳು

೨೦೦೯ರ ಮೇ ತಿಂಗಳು. ಆ ವರ್ಷದ ಮೊದಲ ಮಳೆ ಒಂದು ಗುರುವಾರ ಸಂಜೆ ಬಂತು. ಜೋರೇನೂ ಅಲ್ಲ. ಗುಡುಗಿ, ಒಂದಿಷ್ಟು ಹೊಯ್ದು, ನೆಲದ ಕಾವು ಎಬ್ಬಿಸಿ ಹೋಯಿತು. ಮರುದಿನ ಬೆಳಿಗ್ಗೆ ಕುಂದಾಪುರದ ಬಸ್ಸಿಗೆಂದು ಹೊರಟ ಅಮಿತಾ ಎಂದಿನಂತೆ ಮೊದಲು ಭಜನಾ ಮಂದಿರಕ್ಕೆ ಒಂದು ಸುತ್ತು ಹಾಕಲು ಹೋದಳು. ತ್ರಾಸಿಯಲ್ಲಿ ಹೆದ್ದಾರಿ ದಾಟಿ ಕಡಲ ಕಡೆಗೆ ಇಳಿದರೆ, ಮೀನುಗಾರರ ಮನೆಗಳ ನಡುವೆ ಆ ಮಂದಿರ. ಅದರ ಕಡಲ ಬದಿಯ ಪಡುಗೋಡೆಗೆ ಬಳಿದ ಹೊಸ ಬಿಳಿ ಬಣ್ಣದ ಮೇಲೆ, ತಾಮ್ರದ ತಗಡು ಹೊದಿಸಿದ ಮಾಡಿನ ಅಂಚಿನಿಂದ ಕೆಳಗೆ, ಅಲ್ಲಲ್ಲಿ ಕೆಂಪು ನೀರು ಇಳಿದ ಗೆರೆ ಕಂಡಿತು.

ಅವಳು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಬೆರಳಿನಿಂದ ಒರೆಸಿ ನೋಡಿದಳು. ಮೂಸಿ ನೋಡಿದಳು. ತುಕ್ಕು.

ತಾಮ್ರದ ಮೇಲೆ ಹರಿದ ನೀರು ಹೀಗೆ ಕೆಂಪಾಗುವುದಿಲ್ಲ. ಹತ್ತಾರು ವರ್ಷ ಕಳೆದರೆ ಹಸಿರು ಬಿಡಬಹುದು, ಅಷ್ಟೆ. ಕೆಂಪು ಅಂದರೆ ಕಬ್ಬಿಣ. ಆ ಮಾಡಿನಲ್ಲಿ ಕಬ್ಬಿಣ ಒಂದು ಚೂರೂ ಇರಬಾರದಿತ್ತು. ಹಾಗೆಂದು ನಕ್ಷೆಯಲ್ಲಿ ಬರೆದವಳೇ ಅವಳು.

ಅಮಿತಾ ಇಂಜಿನಿಯರಿಂಗ್ ಮುಗಿಸಿ ಕುಂದಾಪುರದ ಒಂದು ಆಫೀಸಿನಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಅಪ್ಪ ಪಾಂಡು ಮೊದಲು ದೋಣಿ ಇಟ್ಟುಕೊಂಡಿದ್ದವರು, ಈಗ ಮೀನಿನ ಲಾರಿ ವ್ಯಾಪಾರ. ಮಂದಿರದ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರು. ಹಳೆ ಮಂದಿರದ ಹಂಚು ಪ್ರತಿ ಮಳೆಗಾಲ ಹಾರುತ್ತಿತ್ತು. ಹಂಚು ತೆಗೆದು ಸತುವಿನ ತಗಡು ಹಾಕಿದರು. ಉಪ್ಪುಗಾಳಿ ಅದನ್ನು ಜರಡಿ ಮಾಡಿತು. ಕೊನೆಗೆ ಊರವರೂ ಮುಂಬೈಗೆ ಹೋಗಿ ನೆಲೆನಿಂತವರೂ ಸೇರಿ ಹೊಸತಾಗಿ ಕಟ್ಟುವುದೆಂದು ತೀರ್ಮಾನಿಸಿದರು. ಗರ್ಭಗುಡಿಗೆ ತಾಮ್ರದ ಮಾಡು ಬೇಕೆಂದು ಊರವರು ಆಸೆಪಟ್ಟದ್ದು ಹೊಳಪಿಗೆ. ಅಮಿತಾ ಒಪ್ಪಿದ್ದು ಬೇರೆ ಕಾರಣಕ್ಕೆ: ಕಡಲ ಬದಿಯಲ್ಲಿ ಒಂದು ತಲೆಮಾರಿಗೂ ಮೀರಿ ಬಾಳುವ ಮಾಡು ಅವಳಿಗೆ ಗೊತ್ತಿದ್ದದ್ದು ಅದೊಂದೇ.

ಮಾರ್ಚಿನಲ್ಲಿ ತಗಡು ಹೊದಿಸಿದಾಗ ಜನ ಸಾಲುಗಟ್ಟಿ ಬಂದು ನೋಡಿದರು. ಒಂದು ತಿಂಗಳಲ್ಲಿ ಅದು ಓಲೆಬೆಲ್ಲದ ಕಡುಗಂದು ಬಣ್ಣಕ್ಕೆ ತಿರುಗಿತು. ಸಮಿತಿಯ ಬಚ್ಚಣ್ಣ ದಾರಿಯಲ್ಲಿ ಸಿಕ್ಕಿದಾಗೆಲ್ಲ ತಡೆದು ಕೇಳುತ್ತಿದ್ದರು, "ಎಂತ ಮಾರಾಯ್ತಿ, ಹೊಸ ಮಾಡ್ ಸುಟ್ಟ ಬಾಣ್ಲಿ ಕಂಡಂಗ್ ಕಾಣತ್ತಲೆ!"

"ಅದು ಅದ್ರ ಚರ್ಮ ಬಚ್ಚಣ್ಣ," ಅನ್ನುತ್ತಿದ್ದಳು ಅವಳು. "ಉಪ್ಪುಗಾಳಿ ಒಳಗ್ ಹೋಗ್ದಿದ್ದಂಗೆ ಅದೇ ಹೊದ್ಕಂಬುದ್. ಕಪ್ಪಾರೆ ಒಳ್ಳೇದೇ."

ಈಗ ಗೋಡೆಯ ಕೆಂಪು ಗೆರೆ ನೋಡುತ್ತ ನಿಂತವಳು ಬೆರಳಲ್ಲಿ ದಿನ ಎಣಿಸಿದಳು. ಪ್ರತಿಷ್ಠೆ ಮುಂದಿನ ವಾರ ಕಳೆದು ಬರುವ ಬುಧವಾರ. ದೇವರು ಈಗ ಅಂಗಳದ ಬಾಲಾಲಯದಲ್ಲಿ, ಕೆಲಸ ಮುಗಿಯುವವರೆಗೆಂದು ಕಟ್ಟಿದ ಚಿಕ್ಕ ತಗಡಿನ ಗೂಡಿನಲ್ಲಿ, ಇದ್ದರು. ಒಮ್ಮೆ ಗರ್ಭಗುಡಿಯಲ್ಲಿ ಕುಳಿತರೆ ಆಮೇಲೆ ದೇವರ ತಲೆಯ ಮೇಲಿನ ಮಾಡಿಗೆ ಯಾರೂ ಕಾಲಿಡುವ ಹಾಗಿಲ್ಲ. ಬಿಚ್ಚುವುದಿದ್ದರೆ ಈಗಲೇ.

ಬಸ್ಸು ಹಾರ್ನು ಹೊಡೆದು ಹೋದದ್ದು ಕೇಳಿಸಿತು. ಅವಳು ಕದಲಲಿಲ್ಲ.

ಮಂದಿರದೊಳಗೆ ಐತ ಬಾಗಿಲಿಗೆ ಹಿತ್ತಾಳೆ ತಗಡು ಹೊದಿಸುತ್ತಿದ್ದ. ಬ್ರಹ್ಮಾವರದ ಪ್ರೇಮಾನಂದ ಈ ತಗಡು ಕೆಲಸದ ಗುತ್ತಿಗೆದಾರ. ಐತ ಅವನ ಹಳೆಯ ಆಳು, ತಲೆ ನರೆತವನು.

"ಐತಣ್ಣ, ಮೇಲ್ ಹತ್ತುವ. ಪಡು ಬದಿ ತಗಡಿಂದ್ ಒಂದ್ ಮಡಿಕಿ ಬಿಚ್ಚಿ ಕಾಂಬ."

"ಈಗ್ಳೇಯಾ? ಬಾಗ್ಲ್ ಕೆಲ್ಸ ಇತ್ತಲೆ ಅಕ್ಕ."

"ಬಾಗ್ಲ್ ಆಮೇಲ್ ಮಾಡ್ಲಕ್."

ಐತ ಸುತ್ತಿಗೆ ಕೆಳಗಿಟ್ಟು ಅವಳ ಮುಖ ನೋಡಿದ. ನೋಡಿದ ರೀತಿಯಲ್ಲೇ ಅವಳಿಗೆ ಅರ್ಧ ಉತ್ತರ ಸಿಕ್ಕಿತು. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಬಿದಿರಿನ ಅಟ್ಟಳಿಗೆ ಹತ್ತಿದಳು. ಕೆಳಗಿನಿಂದ ಹೆಂಗಸರು ಯಾರೋ "ಹ್ವಾಯ್, ಜಾಗ್ರತಿ" ಎಂದು ಕೂಗಿದರು.

ಆ ಮಾಡಿಗೆ ಅಡಿಯಲ್ಲಿ ಮರದ ಹಲಗೆ, ಮೇಲೆ ತಾಮ್ರದ ತಗಡು. ಒಂದು ತಗಡಿನ ಅಂಚನ್ನು ಇನ್ನೊಂದರ ಅಂಚಿನ ಜೊತೆ ಸೇರಿಸಿ ಮಡಚುವುದು. ಮಡಿಕೆಯ ಒಳಗೆ ತಾಮ್ರದ ಸಣ್ಣ ಪಟ್ಟಿ, ಆ ಪಟ್ಟಿಯನ್ನು ತಾಮ್ರದ್ದೇ ಮೊಳೆಯಿಂದ ಹಲಗೆಗೆ ಹೊಡೆಯುವುದು. ಹೊರಗಿನಿಂದ ಮೊಳೆ ಕಾಣುವುದಿಲ್ಲ. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ಆಡುವುದಕ್ಕೂ ಜಾಗ ಇರುತ್ತದೆ. ಐತ ಮಡಿಕೆಯನ್ನು ಇಕ್ಕಳದಲ್ಲಿ ನಿಧಾನಕ್ಕೆ ಬಿಡಿಸಿದ. ಒಳಗೆ ಪಟ್ಟಿಯ ಮೇಲೆ ಮೊಳೆಯ ತಲೆ, ಅದರ ಸುತ್ತ ಕೆಂಪು ಹುಡಿ. ಅಮಿತಾ ಉಗುರಿನಿಂದ ಕೆರೆದಳು. ಪದರ ಪದರವಾಗಿ ಎದ್ದು ಬಂತು. ಮೂಡು, ತೆಂಕು, ಬಡಗು ಬದಿಗಳನ್ನು ನಿಂತು ಮಾಡಿಸಿದವಳು ಅವಳೇ. ಪಡು ಬದಿ ಮುಗಿದದ್ದು ಅವಳು ಆಫೀಸಿನ ಕೆಲಸಕ್ಕೆ ಬೈಂದೂರಿಗೆ ಹೋಗಿದ್ದ ವಾರದಲ್ಲಿ.

"ಇದ್ ಯಾರ್ ಹೊಡ್ಸಿದ್ದ್?"

ಐತ ಇಕ್ಕಳ ಒರೆಸಿಕೊಳ್ಳುತ್ತ ಕಡಲ ಕಡೆ ನೋಡಿದ. "ನನ್ನ್ ಹತ್ರ ಕೇಣ್ಬೇಡಿ ಅಕ್ಕ. ಪ್ರೇಮಾನಂದಣ್ಣನ ಹತ್ರ ಕೇಣಿ."

ಅವಳು ಕೇಳಲು ಹೊರಟೇ ಬಿಟ್ಟಳು. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಮುಖ ನೋಡದೆ ಕೇಳಿದರೆ ಅವನು ಜಾರಿಕೊಳ್ಳುತ್ತಾನೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಒಂದು ಕಡೆ ಕೂರುವುದೇ ಅವಳಿಂದ ಆಗುತ್ತಿರಲಿಲ್ಲ. ಕುಂದಾಪುರದಲ್ಲಿ ಇಳಿದು ಉಡುಪಿ ಬಸ್ಸು ಹಿಡಿದಳು. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ಕಂಬ ಹಿಡಿದು ನಿಂತೇ ಬ್ರಹ್ಮಾವರದವರೆಗೆ ಬಂದಳು. ಆಫೀಸಿನಿಂದ ಎರಡು ಸಲ ಫೋನ್ ಬಂತು. ಎತ್ತಲಿಲ್ಲ.

ಪ್ರೇಮಾನಂದನ ವರ್ಕ್‌ಶಾಪು ಪೇಟೆಯಿಂದ ಸ್ವಲ್ಪ ಒಳಗೆ. ಅವನು ಯಾವುದೋ ದೇವಸ್ಥಾನದ ಮಾಡಿನ ನೆತ್ತಿಗೆ ಇಡುವ ಮುಗುಳಿಗೆ ತಗಡು ಬಡಿಯುತ್ತಿದ್ದ. ಅವಳನ್ನು ಕಂಡದ್ದೇ ಬಡಿಯುವುದನ್ನು ನಿಲ್ಲಿಸಿದ.

"ಪಡು ಬದಿ ಬಿಚ್ಚಿ ಕಂಡೆ," ಅಂದಳು ಅಮಿತಾ.

ಅವನು ಸ್ಟೂಲು ಎಳೆದುಕೊಟ್ಟ. ಅವಳು ಕೂರಲಿಲ್ಲ.

"ಬೈದ್ರೆ ಬೈರಿ ಅಕ್ಕ, ಕೇಣ್ತೆ. ತಾಮ್ರದ್ ಮೊಳಿ ಮುಗ್ದಿತ್ತ್. ಮುಂಬೈಯಿಂದ ಬಪ್ಪುಕೆ ಎರಡ್ ವಾರ ಆತ್ತ್, ಅಲ್ಲಿ ತನಕ ಕೆಲ್ಸ ನಿಲ್ಸುವ ಅಂದೆ. ಬಿಡ್ಲಿಲ್ಲ."

"ಯಾರ್ ಬಿಡ್ಲಿಲ್ಲ?"

ಅವನು ಸುತ್ತಿಗೆಯ ಹಿಡಿ ತಿರುಗಿಸಿದ. "ಅಧ್ಯಕ್ಷರ್."

ಅಮಿತಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅಧ್ಯಕ್ಷರು ಅಂದರೆ ಯಾರೋ ಬೇರೆಯವರು ಅನ್ನಿಸಿತು.

"ಮೊಳಿ ಚೀಲ ಅವ್ರೇ ತಂದ್ ಕೊಟ್ರ್. ಕೆಲ್ಸ ನಿಂತ್ರೆ ಪ್ರತಿಷ್ಠಿ ಮುಂದ್ ಹೋತ್ತ್, ಮಗಳಿಗ್ ನಾನೇ ಹೇಳ್ತೆ ಅಂದ್ರ್. ಹೇಳಿರ್ ಅಂದ್ಕಂಡೆ. ನಾನೂ ನಿಮ್ಗೊಂದ್ ಫೋನ್ ಮಾಡ್ಕಿತ್ತ್. ಮಾಡ್ಲಿಲ್ಲ. ಅದ್ ನನ್ ತಪ್ಪ್."

ತಿರುಗಿ ಬರುವಾಗ ಅವಳು ಯಾವ ಬಸ್ಸು ಹತ್ತಿದಳು, ಎಲ್ಲಿ ಇಳಿದಳು ಅನ್ನುವುದು ಅವಳಿಗೇ ಸರಿಯಾಗಿ ನೆನಪಿರಲಿಲ್ಲ. ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು. ಮನೆಯಲ್ಲಿ ದಿನಾ ಎದುರಾಬದುರು ಕೂತು ಊಟ ಮಾಡಿದ್ದೇವೆ. ಎರಡು ತಿಂಗಳು. ಒಂದು ಮಾತು ಹೇಳಲಿಲ್ಲ.

ಪಾಂಡು ಜಗಲಿಯಲ್ಲಿ ಕೂತು ಮುಂಬೈಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಯಾರು ಯಾವ ರೈಲಿಗೆ ಬರುತ್ತಾರೆ, ಯಾರ ಮನೆಯಲ್ಲಿ ಉಳಿಯುತ್ತಾರೆ ಎಂಬ ಮಾತು. ಮುಖದ ತುಂಬ ಸಂಭ್ರಮ. ಫೋನ್ ಇಡುವವರೆಗೆ ಅಮಿತಾ ಅಂಗಳದಲ್ಲಿ ಆಚೆ ಈಚೆ ನಡೆದಳು.

"ಅಪ್ಪಯ್ಯ, ಪಡು ಮಾಡಿಗೆ ಕಬ್ಬಿಣದ್ ಮೊಳಿ ಕೊಟ್ಟದ್ ನೀವಾ?"

ಪಾಂಡುವಿನ ಮುಖ ಒಂದು ಗಳಿಗೆ ಬಿಳುಚಿ, ಮತ್ತೆ ಗಟ್ಟಿಯಾಯಿತು. "ಕೊಟ್ಟೆ. ಎಂತ ಈಗ? ಮೊಳಿ ಅಂದ್ರೆ ಮೊಳಿ. ತಗಡಿನ್ ಅಡಿಗ್ ಇಪ್ಪುದ್ ಯಾರಿಗ್ ಕಾಣತ್ತ್?"

"ಗೋಡಿ ಮೇಲ್ ಕಾಣ್ತಾ ಇತ್ತ್."

"ಸುಣ್ಣ ಬಳ್ದ್ರೆ ಹೋತ್ತ್."

"ಬಳ್ದ್ರೆ ಗೋಡಿದ್ ಹೋತ್ತ್, ಮಾಡಿಂದ್ ಹೋತ್ತಾ? ಉಪ್ಪುನೀರ್ ಬಿದ್ರೆ ತಾಮ್ರ ಕಬ್ಬಿಣವನ್ನ ತಿಂದ್ ಹಾಕತ್ತ್ ಅಪ್ಪಯ್ಯ. ಮೊಳಿ ಹೋದ್ರೆ ತಗಡ್ ಹಿಡ್ಕಂಬುದ್ ಯಾವ್ದ್? ಆಸಾಡಿ ಗಾಳಿಗೆ ಒಂದ್ ಮೂಲಿ ಎದ್ರೆ ಸಾಕ್, ಇಡೀ ಬದಿ ಹಾರಿ ಯಾರ್ದಾರೂ ಮನಿ ಮೇಲ್ ಬೀಳತ್ತ್."

"ನೀ ಎಲ್ಲದ್ದಕ್ಕೂ ಹೆದ್ರುದ್."

"ನಂಗ್ ಎಂತಕ್ ಹೇಳ್ಲಿಲ್ಲ?"

ಅವರು ಹೆಗಲ ಮೇಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು. "ಹೇಳ್ರೆ ನೀ ನಿಲ್ಸ್ತಿದ್ದೆ," ಅಂದರು. ಆಮೇಲೆ ದನಿ ಏರಿತು. "ಕಾರ್ಡ್ ಹಂಚಿ ಆಯ್ತ್, ಬೊಂಬಾಯಿಯರ್ ಟಿಕೇಟ್ ಮಾಡಿ ಆಯ್ತ್. ಈಗ ಮಾಡ್ ಬಿಚ್ಚುವ ಅಂದ್ರೆ ಜನ ನನ್ನ ಮಕಕ್ಕೆ ಎಂತ ಹೇಳುದಿಲ್ಲೆ? ಅಧ್ಯಕ್ಷನ ಮಗಳೇ ಅಧ್ಯಕ್ಷನ ಮರ್ಯಾದಿ ತೆಗೂಕ್ ಹೊರ್ಟದ್ದಾ?"

ಎದ್ದು ಚಪ್ಪಲಿ ಮೆಟ್ಟಿ ಕಡಲ ದಂಡೆಯ ಕಡೆಗೆ ನಡೆದುಬಿಟ್ಟರು.

ಅಮಿತಾಳ ಅಮ್ಮ ಜಲಜ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಉಂಬುಕ್ ಬಾ" ಅಂದಳು, ಅಷ್ಟೆ. ಅಮಿತಾ ಉಣ್ಣಲಿಲ್ಲ. ಮಂದಿರಕ್ಕೆ ಹೋಗಿ ಗೋಡೆ ನೋಡಿ ಬಂದಳು. ಕತ್ತಲಾಗುವ ಮೊದಲು ಮತ್ತೊಮ್ಮೆ ಹೋದಳು. ಏನು ಬದಲಾಗಿರುತ್ತದೆ ಎಂದು ಹೋದಳೋ ಅವಳಿಗೇ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆಯೇ ಕೋಟಕ್ಕೆ ಹೋಗಿ ಶಾಮರಾಯ ಭಟ್ಟರನ್ನು ಕಂಡಳು. ಪ್ರತಿಷ್ಠೆಯ ಮುಹೂರ್ತ ಇಟ್ಟವರು ಅವರೇ. ಭಟ್ಟರು ತೋಟದಲ್ಲಿ ಬಾಳೆಎಲೆ ಕೊಯ್ಯುತ್ತಿದ್ದರು. ಎಲೆ ಕೈಯಲ್ಲಿ ಹಿಡಿದೇ ಅವಳ ಮಾತು ಕೇಳಿದರು. ಮೊಳೆ ಯಾರು ಕೊಟ್ಟದ್ದು ಎಂದು ಅವಳು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

"ಮುಂದ್ ಹಾಕುಕೆ ಆತ್ತಾ ಭಟ್ರೆ?"

"ಮುಂದೆ ಹಾಕಿದ್ರೆ ಮಳೆಗಾಲ ಕಳೀಕು. ಅಲ್ಲಿವರೆಗೆ ದೇವ್ರು ಆ ತಗಡಿನ ಗೂಡಲ್ಲೇ ಕೂರ್ಕು. ನಿಮ್ಮೂರಿನವ್ರು ಒಪ್ತ್ರಾ?" ಎಂದು ಎಲೆಯ ತುದಿ ಕತ್ತರಿಸಿದರು. "ಪ್ರತಿಷ್ಠೆ ಆದ ಮೇಲೆ ಹತ್ತುಕಾಗ, ಅದು ಖಂಡಿತ. ಆದ್ರೆ ಹಿಂದಿನ ದಿನ ಸಂಜೆವರೆಗೆ ಅದು ಬರೀ ಕಟ್ಟಡ. ಅಷ್ಟರ ಒಳಗೆ ನೀನು ಎಂತ ಬೇಕಾರೂ ಮಾಡು, ನಂಗೆ ಅಡ್ಡಿ ಇಲ್ಲೆ. ಸೋರುವ ಮಾಡಿನ ಅಡಿ ದೇವ್ರನ್ನ ಕೂರ್ಸುದು ನಂಗೂ ಇಷ್ಟ ಇಲ್ಲೆ ಮಾರಾಯ್ತಿ."

ಅಂದರೆ ದಿನ ಇದೆ, ಮೊಳೆ ಇಲ್ಲ. ಕೋಟದ ಬಸ್‌ಸ್ಟಾಪಿನಲ್ಲಿ ನಿಂತೇ ಮಂಗಳೂರಿನ ಅಂಗಡಿಗಳಿಗೆ ಒಂದೊಂದಾಗಿ ಫೋನ್ ಮಾಡಿದಳು. ತಗಡು ಬೇಕಾದರೆ ಇದೆ, ಮೊಳೆ ತರಿಸಬೇಕು, ವಾರ ಹತ್ತು ದಿನ ಆಗುತ್ತದೆ ಎಂದರು ಎಲ್ಲರೂ. ಹಿತ್ತಾಳೆಯ ಸ್ಕ್ರೂ ಹಾಕಿದರೆ ಹೇಗೆ ಎಂದು ಯೋಚಿಸಿದಳು. ಹಿತ್ತಾಳೆ ತಾಮ್ರಕ್ಕೆ ಹತ್ತಿರದ ನೆಂಟ, ಜಗಳ ಕಡಿಮೆ. ಆದರೆ ಸಿಕ್ಕ ಸ್ಕ್ರೂಗಳ ತಲೆ ದಪ್ಪ. ಮಡಿಕೆಯೊಳಗೆ ಕೂರದೆ ತಗಡನ್ನೇ ತೂತು ಮಾಡುವಂಥವು.

ಮಧ್ಯಾಹ್ನ ಮನೆಗೆ ಬಂದರೆ ಜಲಜ ಮೀನಿನ ಬುಟ್ಟಿ ತೊಳೆದು ಬಿಸಿಲಿಗೆ ಮಗುಚುತ್ತಿದ್ದಳು. ಅವಳು ಗಂಗೊಳ್ಳಿ ಬಂದರಿನಿಂದ ಮೀನು ತಂದು ಮಾರುವವಳು. ಮಗಳು ಬಾವಿಕಟ್ಟೆಯ ಮೇಲೆ ಕುಸಿದದ್ದನ್ನು ನೋಡಿ ಮೆಲ್ಲಗೆ ಅಂದಳು, "ಗಂಗೊಳ್ಳಿ ರಾಜೀವಿ ಹತ್ರ ಕೇಣ್ ಕಾಂಬ. ಅವ್ಳ ಗಂಡ ದೋಣಿ ಕಟ್ತಿದ್ದಲೆ. ಹಿಂದೆ ಮರದ್ ದೋಣಿಗೆ ಹೊಡಿತಿದ್ದದ್ದ್ ತಾಮ್ರದ್ ಮೊಳಿಯೇ."

ಅಮಿತಾ ಎದ್ದು ನಿಂತಳು.

"ಉಂಡ್ಕಂಡ್ ಹೋಗ್!" ಎಂದು ಜಲಜ ಕೂಗಿದಾಗ ಅವಳು ಆಗಲೇ ಗೇಟು ದಾಟಿದ್ದಳು.

ರಾಜೀವಿಯ ಮನೆ ಹೊಳೆಯ ಬದಿಗೆ. ಗಂಡ ತೀರಿಕೊಂಡು ಆರು ವರ್ಷ. ಅದಕ್ಕೂ ಮೊದಲೇ ಫೈಬರ್ ದೋಣಿ ಬಂದು ಅವರ ಕೆಲಸ ನಿಂತಿತ್ತು. ದೋಣಿ ಕಟ್ಟುತ್ತಿದ್ದ ಚಪ್ಪರದಲ್ಲಿ ಈಗ ಕಟ್ಟಿಗೆ, ತೆಂಗಿನ ಮಡಲು. ಅಮಿತಾ ಯಾರ ಮಗಳೆಂದು ಹೇಳಿ, ಮೊಳೆಯ ಮಾತೆತ್ತಿದ್ದೇ ರಾಜೀವಿಯ ಮುಖ ಬಿಗಿಯಿತು.

"ಗುಜ್ರಿಯರ್ ಎಷ್ಟ್ ಸಲ ಬಂದ್ ಕೇಣಿರ್. ಕೊಡುದಿಲ್ಲೆ ಅಂದಿದೆ. ನಮ್ ಮನಿಯರ್ ಕೈಯಾರೆ ಆರ್ಸಿ ತಂದದ್ದ್."

"ಗುಜ್ರಿಗಲ್ಲ ಅಕ್ಕ. ಹೊಡೂಕೆ."

"ಈಗ ಮರದ್ ದೋಣಿ ಯಾರ್ ಕಟ್ತ್ರ್?"

"ದೋಣಿಗಲ್ಲ. ದೇವ್ರ ಮಾಡಿಗೆ." ಅಮಿತಾ ಎಲ್ಲವನ್ನೂ ಹೇಳಿದಳು. ಭಟ್ಟರಿಗೆ ಹೇಳದ್ದನ್ನೂ, ಅಪ್ಪನ ವಿಷಯವನ್ನೂ, ಯಾಕೋ ಈ ಗುರುತಿಲ್ಲದ ಹೆಂಗಸಿನ ಹತ್ತಿರ ಹೇಳಿಬಿಟ್ಟಳು.

ರಾಜೀವಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಎರಡು ಕೈಯಲ್ಲೂ ಒಂದೊಂದು ಎಣ್ಣೆ ಡಬ್ಬಿ, ಎತ್ತಲಾರದೆ ಎತ್ತಿಕೊಂಡು ಬಂದಿದ್ದಳು. ಒಳಗೆ ಚೌಕಾಕಾರದ ತಾಮ್ರದ ಮೊಳೆಗಳು, ಮೇಲಿನವು ಕಪ್ಪಾಗಿದ್ದವು, ಅಡಿಯವು ಇನ್ನೂ ಕೆಂಪಗೆ. ಉದ್ದ ಜಾಸ್ತಿ, ತುಂಡರಿಸಬೇಕು. ಆದರೆ ತಲೆ ತೆಳ್ಳಗೆ, ಚಪ್ಪಟೆ.

"ಉಳ್ದದ್ದ್ ತಂದ್ ಕೊಡ್ಕ್," ಅಂದಳು ರಾಜೀವಿ. "ನಾಕಾದ್ರೂ ಉಳೀಲಿ."

ಭಾನುವಾರ ಸಂಜೆ ಮಂದಿರದ ಅಂಗಳದಲ್ಲಿ ಸಮಿತಿಯ ಸಭೆ. ಅಮಿತಾ ಎದ್ದು ನಿಂತು, ಪಡು ಬದಿಯ ತಗಡು ಬಿಚ್ಚಿ ಮತ್ತೆ ಹೊದಿಸಬೇಕಾಗಿದೆ ಎಂದಳು. ಯಾಕೆಂದು ವಿವರಿಸಿದಳು. ಟಾರ್ಚಿನ ಸೆಲ್ಲು ಹಳತಾದರೆ ಹೊರಗಿನ ಡಬ್ಬಿ ಕರಗಿ ನೀರು ಸುರಿಯುವುದಿಲ್ಲವೇ, ಹಾಗೆಯೇ ಇದೂ, ಎರಡು ಲೋಹದ ನಡುವೆ ಉಪ್ಪುನೀರು ಬಂದರೆ ಒಂದು ಇನ್ನೊಂದನ್ನು ಮುಗಿಸುತ್ತದೆ ಎಂದಳು. ಎಲ್ಲರೂ ತಲೆ ಎತ್ತಿ ಮಾಡನ್ನೇ ನೋಡಿದರು.

"ಅಲ್ಲ, ಕಬ್ಬಿಣದ್ ಮೊಳಿ ಬಂದದ್ ಹ್ಯಾಂಗೆ?" ಎಂದು ಬಚ್ಚಣ್ಣ ಕೇಳಿದರು. "ನೀ ಇಂಜಿನಿಯರ್ ಅಲ್ದಾ? ಕಂಡ್ಕಂತಿದ್ದದ್ ಎಂತ?"

ಪ್ರೇಮಾನಂದ ಗೋಡೆಗೆ ಒರಗಿ ನಿಂತಿದ್ದ. ಬಾಯಿ ತೆರೆಯಲು ಹೊರಟವನನ್ನು ಅಮಿತಾ ಕಣ್ಣಿನಲ್ಲೇ ತಡೆದಳು.

"ನಾನ್ ಆ ವಾರ ಇರ್ಲಿಲ್ಲ. ಇಪ್ಪುಕಿತ್ತ್. ಜವಾಬ್ದಾರಿ ನನ್ದೇ."

"ಮಕ್ಳಾಟ ಮಾಡ್ಕಂಡ್ ಕೂತಿರೆ ಹೀಂಗೇ ಆಪ್ದ್. ಊರಿನ್ ಕೆಲ್ಸ ಮನಿ ಹೆಣ್ಣಿಗ್ ಕೊಟ್ಟದ್ದೇ ತಪ್ಪ್" ಎಂದು ಬಚ್ಚಣ್ಣ ಶುರು ಮಾಡಿದರು. ಇನ್ನಿಬ್ಬರು ದನಿಗೂಡಿಸಿದರು. ಅಮಿತಾ ಅಪ್ಪನ ಕಡೆ ನೋಡಿದಳು. ಪಾಂಡು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯನ್ನು ಮಡಚುತ್ತ ಬಿಡಿಸುತ್ತ ಇದ್ದರು. ಕೊನೆಗೆ ಎದ್ದು, "ಮಾಡುಕೆ ಇದ್ರೆ ಬೇಗ ಮಾಡಿ ಮುಗ್ಸಿ" ಎಂದು ಗಾಳಿಗೆ ಹೇಳಿದಂತೆ ಹೇಳಿ ಹೊರಗೆ ಹೋದರು. ಎಲೆಯಡಿಕೆ ಉಗಿಯಲು ಹೋದರೆಂದು ಎಲ್ಲರೂ ಕಾದರು. ಅವರು ಬರಲಿಲ್ಲ.

ಬಚ್ಚಣ್ಣನ ಬೈಗುಳ ಅವಳಿಗೆ ತಾಗಲಿಲ್ಲ. ಆ ಖಾಲಿ ಕುರ್ಚಿ ತಾಗಿತು.

ಸೋಮವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಮಡಿಕೆ ಬಿಡಿಸುವುದು, ತಗಡು ಎತ್ತುವುದು, ತುಕ್ಕು ಮೊಳೆ ಕೀಳುವುದು, ತೂತಿಗೆ ಮರದ ಬೆಣೆ ಹೊಡೆದು ಪಕ್ಕದಲ್ಲಿ ಹೊಸ ಮೊಳೆ ಹಾಕುವುದು. ಕೆಲವು ಮೊಳೆ ಕೀಳುವಾಗಲೇ ತಲೆ ಮುರಿದು ಕೈಗೆ ಬಂತು. ಪ್ರೇಮಾನಂದ ಅದನ್ನು ಅಂಗೈಯಲ್ಲಿ ಹಿಡಿದು ಅವಳಿಗೆ ತೋರಿಸಿದ. ಎರಡು ತಿಂಗಳ ಉಪ್ಪುಗಾಳಿಗೆ, ಒಂದೇ ಒಂದು ಮಳೆಗೆ ಇಷ್ಟು. ಐತ ಕೆಳಗೆ ಕೂತು ದೋಣಿಯ ಮೊಳೆಗಳನ್ನು ತುಂಡರಿಸಿ ತುದಿ ಚೂಪು ಮಾಡಿ ಕೊಡುತ್ತಿದ್ದ. ಅಮಿತಾ ಆಫೀಸಿಗೆ ರಜೆ ಹೇಳಿ ಮಾಡಿನ ಮೇಲೆಯೇ ಇದ್ದಳು. ಮಡಿಕೆ ಬಿಡಿಸಿ ಮತ್ತೆ ಮಡಚಿದ ಕೆಲವು ಕಡೆ ತಗಡು ಸೀಳಿತು. ಅಲ್ಲಿ ಹೊಸ ಪಟ್ಟಿ ಬೆಸುಗೆ ಹಾಕಬೇಕಾಯಿತು, ನಿಧಾನವಾಯಿತು. ಅವಳು ಗಳಿಗೆಗೊಮ್ಮೆ ಕಡಲ ಕಡೆ ತಿರುಗುತ್ತಿದ್ದಳು.

ಪಾಂಡು ಆ ದಿನ ಮಂದಿರದ ಕಡೆ ತಲೆ ಹಾಕಲಿಲ್ಲ.

ಮಂಗಳವಾರ ಮಧ್ಯಾಹ್ನ, ಅರ್ಧ ಬದಿಯ ಹಲಗೆ ಬರಿದಾಗಿ ತೆರೆದುಕೊಂಡಿದ್ದಾಗ, ಪಡುವಣದಲ್ಲಿ ಮೋಡ ಕಟ್ಟಿತು. ಕಡಲಿನ ಬಣ್ಣ ಸೀಸದಂತಾಯಿತು. ಗಾಳಿ ಒಮ್ಮೆ ನಿಂತು, ಆಮೇಲೆ ಒಮ್ಮೆಲೇ ಬೀಸತೊಡಗಿತು. ಅರ್ಧ ಮಡಚಿದ ತಗಡೊಂದು ಎದ್ದು ಬಡಿಯಿತು. ಐತ ಅದರ ಮೇಲೆ ಮಲಗಿಯೇ ಬಿಟ್ಟ. ಹಲಗೆ ನೆನೆದು ಉಬ್ಬಿದರೆ ಮತ್ತೆ ಒಣಗುವವರೆಗೆ ತಗಡು ಹೊದಿಸುವ ಹಾಗಿಲ್ಲ.

"ಟರ್ಪಾಲ್! ಯಾರಾರ್ ಟರ್ಪಾಲ್ ತನ್ನಿ!" ಎಂದು ಅಮಿತಾ ಕೂಗಿದಳು. ಅಂಗಳದಲ್ಲಿ ನಿಂತಿದ್ದವರು ಆಚೆ ಈಚೆ ಓಡಿದರು. ಚಿಕ್ಕದೊಂದು ಹಾಳೆ ಬಂತು. ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡು ತೆಂಗಿನ ಮರಕ್ಕೆ ಎಸೆಯಿತು.

ಆಗ ದಂಡೆಯ ಕಡೆಯಿಂದ ಪಾಂಡು ಬರುವುದು ಕಂಡಿತು. ಹಿಂದೆ ದೋಣಿಯ ಜನ ಏಳೆಂಟು ಮಂದಿ, ಹೆಗಲ ಮೇಲೆ ದೋಣಿಗೆ ಹೊದಿಸುವ ದೊಡ್ಡ ಟರ್ಪಾಲಿನ ಸುರುಳಿ, ಬಲೆಯ ಹಗ್ಗ. ಪಾಂಡು ಲುಂಗಿ ಎತ್ತಿ ಕಟ್ಟಿ, ಅರುವತ್ತರ ಹತ್ತಿರದ ಮನುಷ್ಯ, ಅಟ್ಟಳಿಗೆಯನ್ನು ಕೈಗೆ ಸಿಕ್ಕಲ್ಲಿ ಹಿಡಿದು ಹತ್ತಿ ಮೇಲೆ ಬಂದರು. ಮಗಳ ಮುಖ ನೋಡಲಿಲ್ಲ. "ಆ ತುದಿ ಹಿಡಿ" ಅಂದರು. ಅವಳು ಹಿಡಿದಳು. ಗಾಳಿಗೆ ಬೆನ್ನು ಕೊಟ್ಟು, ಹಗ್ಗಕ್ಕೆ ಗಂಟು ಹಾಕಿ, ಮುಗುಳಿಯ ಬುಡಕ್ಕೆ ಸುತ್ತಿ, ಕೆಳಗಿನ ಕಂಬಗಳಿಗೆ ಎಳೆಸಿದರು. ದಪ್ಪ ಹನಿ ಬೀಳತೊಡಗಿತು.

ಕೆಳಗೆ ಬಚ್ಚಣ್ಣ ಕೊಡೆ ಹಿಡಿದು ನಿಂತು ಕೂಗಿದರು, "ಪಾಂಡಣ್ಣ, ಇಳೀರಿ! ಮಗಳ್ ಮಾಡಿದ್ ತಪ್ಪಿಗೆ ನೀವ್ ಎಂತಕ್ ಸಾಯ್ತ್ರಿ?"

ಪಾಂಡು ಮಾಡಿನ ಅಂಚಿಗೆ ಬಂದು ನಿಂತರು. "ಮೊಳಿ ಹೊಡ್ಸಿದ್ ನಾನ್!"

"ಎಂತ?" ಬಚ್ಚಣ್ಣ ಕಿವಿಗೆ ಕೈ ಹಿಡಿದರು. ಗಾಳಿ ಮಾತನ್ನು ಹಾರಿಸಿಕೊಂಡು ಹೋಗಿತ್ತು.

"ಕಬ್ಬಿಣದ್ ಮೊಳಿ! ತಂದ್ ಕೊಟ್ಟದ್ ನಾನ್!"

"ಕೇಣುದಿಲ್ಲೆ ಮಾರ್ರೆ! ಎಂತ ಬೇಕ್? ಮೊಳಿಯಾ?"

ಪಾಂಡು ಎರಡೂ ಕೈ ಬಾಯಿಗೆ ಹಿಡಿದು, ನಡುಗಡಲಲ್ಲಿ ಇನ್ನೊಂದು ದೋಣಿಯನ್ನು ಕರೆಯುವ ದನಿಯಲ್ಲಿ ಕೂಗಿದರು. "ಮಗಳದ್ ಎಂತದೂ ತಪ್ಪಿಲ್ಲೆ! ಅವ್ಳಿಗ್ ಹೇಳ್ದೆ ನಾನ್ ಹೊಡ್ಸಿದ್! ಕೇಂತಾ ಈಗ?"

ಈ ಸಲ ಕೇಳಿಸಿತು. ಅಂಗಳದಲ್ಲಿದ್ದವರಿಗೂ, ಮನೆಗಳ ಜಗಲಿಯಲ್ಲಿ ನಿಂತ ಹೆಂಗಸರಿಗೂ. ಬಚ್ಚಣ್ಣ ಕೊಡೆ ಸ್ವಲ್ಪ ಕೆಳಗೆ ಮಾಡಿದರು. ಆಮೇಲೆ ಬಚ್ಚಣ್ಣ ಕೊಡೆ ಮಡಚಿ ಗೋಡೆಗೆ ಒರಗಿಸಿ, ಬಂದು ಒಂದು ಹಗ್ಗದ ತುದಿ ಹಿಡಿದು ಎಳೆದರು.

ಮೇಲೆ ಪಾಂಡುವಿಗೆ ಉಸಿರು ಹತ್ತುತ್ತಿರಲಿಲ್ಲ. ಮಳೆನೀರು ಮುಖದ ಮೇಲೆ ಸುರಿಯುತ್ತಿತ್ತು. ಅಮಿತಾ ಅವರ ತೋಳು ಹಿಡಿದಳು. ಸಿಟ್ಟು ಇಳಿದಿರಲಿಲ್ಲ, ಆದರೂ ಹಿಡಿದ ಕೈ ಬಿಡಲು ಮನಸ್ಸು ಬರಲಿಲ್ಲ. "ಕೂತ್ಕಣಿ ಅಪ್ಪಯ್ಯ. ಜಾರತ್ತ್," ಅಂದಳು.

ಹಲಗೆ ಒಂದು ಮೂಲೆಯಲ್ಲಿ ನೆನೆದದ್ದು ಬಿಟ್ಟರೆ ಉಳಿದದ್ದು ಒಣಗಿಯೇ ಇತ್ತು. ಕೆಲಸ ಮತ್ತೆ ಸಾಗಿತು. ಪ್ರತಿಷ್ಠೆಯ ಹಿಂದಿನ ದಿನ ಮಧ್ಯಾಹ್ನ ಕೊನೆಯ ಮಡಿಕೆ ಮಡಚಿ ಪ್ರೇಮಾನಂದ ಕೆಳಗಿಳಿದ. ಉಳಿದ ಮೊಳೆಗಳನ್ನು ಅಮಿತಾ ತಾನೇ ಗಂಗೊಳ್ಳಿಗೆ ಹೋಗಿ ರಾಜೀವಿಗೆ ಕೊಟ್ಟು, ಪ್ರತಿಷ್ಠೆಗೆ ಕರೆದು ಬಂದಳು.

ಬುಧವಾರ ಊರೆಲ್ಲ ಸೇರಿತು. ಮುಂಬೈಯವರು ಬಂದರು, ಫೋಟೋ ತೆಗೆದರು. ಮಾಡು ಯಾಕೆ ಎರಡು ಬಣ್ಣ ಎಂದು ಕೇಳಿದರು. ಹೊಸ ಪಟ್ಟಿ ಬೆಸೆದಲ್ಲಿ ಇನ್ನೂ ಕೆಂಪಗೆ ಹೊಳೆಯುತ್ತಿತ್ತು. "ನನ್ ತಲಿಬಿಸಿಯಿಂದ ಆದದ್ದ್," ಎಂದು ಪಾಂಡು ಕೇಳಿದವರಿಗೆಲ್ಲ ಹೇಳಿದರು. ಹೇಳುವಾಗ ಮುಖ ಸಣ್ಣದಾಗುತ್ತಿತ್ತು, ಆದರೂ ಹೇಳಿದರು. ಶಾಮರಾಯ ಭಟ್ಟರು ಮುಗುಳಿಗೆ ಕಲಶದ ನೀರು ಎರೆದು ಇಳಿದ ಮೇಲೆ ಅಟ್ಟಳಿಗೆಯ ಬಿದಿರುಗಳನ್ನು ಒಂದೊಂದಾಗಿ ಬಿಚ್ಚಿದರು. ಅಮಿತಾ ಊಟದ ಪಂಕ್ತಿಯಲ್ಲಿ ಕೂರದೆ ಅದನ್ನೇ ನೋಡುತ್ತ ನಿಂತಳು. ಇನ್ನು ಮೇಲೆ ಹತ್ತುವ ಹಾಗಿಲ್ಲ. ಸರಿಯಾಗಿದೆಯೋ ಇಲ್ಲವೋ, ಆದದ್ದು ಆಯಿತು. ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ.

ಜೂನ್ ಎರಡನೆಯ ವಾರ ಮಳೆಗಾಲ ನಿಜವಾಗಿ ಹಿಡಿಯಿತು. ಅವಳು ಕುಂದಾಪುರದ ಆಫೀಸಿನಲ್ಲಿ ಯಾವುದೋ ಮನೆಯ ನಕ್ಷೆ ಬಿಡಿಸುತ್ತ ಕೂತಿದ್ದಳು. ಹೊರಗೆ ಗಾಳಿ ಎದ್ದು ಶಟರು ದಡಬಡ ಬಡಿಯಿತು. ಪೆನ್ಸಿಲು ಹಿಡಿದ ಕೈ ನಿಂತಿತು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, ಯಾರಿಗೂ ಹೇಳದೆ ಕೊಡೆ ಎತ್ತಿಕೊಂಡು ಹೊರಟಳು. ತ್ರಾಸಿಯಲ್ಲಿ ಇಳಿಯುವಾಗ ಕೊಡೆ ಮಗುಚಿ ಕಡ್ಡಿ ಮುರಿಯಿತು. ನೆನೆದುಕೊಂಡೇ ಓಡಿದಳು.

ಮಂದಿರದೊಳಗೆ ದೀಪ ಉರಿಯುತ್ತಿತ್ತು. ಗರ್ಭಗುಡಿಯ ಎದುರು, ನೆನೆದ ಲುಂಗಿಯಲ್ಲಿ, ಪಾಂಡು ನಿಂತಿದ್ದರು. ಕತ್ತು ಹಿಂದಕ್ಕೆ ಬಾಗಿಸಿ ಮೇಲೆ ಹಲಗೆಯನ್ನೇ ನೋಡುತ್ತಿದ್ದರು. ಅವಳು ಬಂದದ್ದು ತಿಳಿದರೂ ತಿರುಗಲಿಲ್ಲ.

"ಲಾರಿ ಬಪ್ಪುದಿತ್ತ್, ಬಿಟ್ ಬಂದೆ," ಅಂದರು.

ಅವಳು ಪಕ್ಕದಲ್ಲಿ ಹೋಗಿ ನಿಂತಳು. ಮೇಲೆ ಮಳೆ ತಾಮ್ರವನ್ನು ಬಾರಿಸುತ್ತಿತ್ತು. ಗಾಳಿ ಮಾಡನ್ನು ಒಮ್ಮೆ ಎತ್ತಿ ನೋಡಿದಂತೆ ಒಂದು ಸದ್ದು. ಇಬ್ಬರೂ ಉಸಿರು ಹಿಡಿದರು. ಸದ್ದು ದಾಟಿ ಹೋಯಿತು.

"ಸೋರುದಿಲ್ಲೆ," ಅಂದರು ಪಾಂಡು.

"ಇಲ್ಲೆ."

"ಹಂಗಾರ್ ಮನಿಗ್ ಹೋಪ."

"ಹೋಪ," ಅಂದಳು ಅಮಿತಾ.

ಇಬ್ಬರೂ ಹೋಗಲಿಲ್ಲ. ಮತ್ತೊಂದು ಗಾಳಿ ಕಡಲಿನಿಂದ ಎದ್ದು ಬರುವುದು ಕೇಳಿಸುತ್ತಿತ್ತು.